ಪಂಪು ಬದಲಿಸುವ ಮೊದಲು ಗೇಜ್ ನೋಡಿ

ಬಳ್ಳಾರಿ ಪೇಟೆಯೊಳಗೆ ಕಾರು ತಕರಾರಿಲ್ಲದೆ ಓಡುತ್ತದೆ. ಹೊಸಪೇಟೆ ರಸ್ತೆಗೆ ಬಿದ್ದು, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಕಾಟ ಶುರು. ಟರ್ಬೊ ಗಾಳಿ ತುಂಬುತ್ತಿದ್ದಂತೆ ಎಂಜಿನ್ ಮಿಸ್ಸಿಂಗ್ ಹೊಡೆದು ಪಿಕಪ್ ಬಿಟ್ಟುಕೊಡುತ್ತದೆ. ‘ಫ್ಯೂಯೆಲ್ ಪಂಪು ಹೋಗಿದೆ ಸರ್, ದೊಡ್ಡದು ಹಾಕಿಸಿಬಿಡಿ’ ಎಂಬ ಮೆಕ್ಯಾನಿಕ್‌ನ ತೀರ್ಪು ಬಾನೆಟ್ ಎತ್ತುವ ಮೊದಲೇ ಬಂದಿರುತ್ತದೆ. ಪಂಪಿನ ಬೆಲೆಯ ಒಂದು ಪಾಲಿಗೆ ಸಿಗುವ ಪ್ರೆಷರ್ ಗೇಜ್ ಮಾತ್ರ ಬಹಳ ಗ್ಯಾರೇಜುಗಳಲ್ಲಿ ಇರುವುದಿಲ್ಲ. ಟರ್ಬೊ ಬದಲಿಸಿದ ಅಥವಾ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನ್ ಮಾಡಿಸಿದ ಕಾರಿನಲ್ಲಿ ಇಂಧನದ ದೋಷ ಹುಡುಕುವ ಕ್ರಮ ಇಲ್ಲಿದೆ.

ಮೊದಲಿಗೆ, ದೋಷ ಇಂಧನದ್ದೇ ಎಂಬುದು ಖಾತರಿಯಾಗಬೇಕು. ಸ್ಕ್ಯಾನರ್ ಜೋಡಿಸಿ, ಪೂರ್ತಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಇರುವಾಗಿನ ಲ್ಯಾಂಬ್ಡಾ ಓದಿ. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬೆರೆಯುತ್ತಿದೆಯೇ ಎಂದು ಹೇಳುವ ಅಂಕಿ ಇದು; ಕಡಿಮೆಯಾದಷ್ಟೂ ಪೆಟ್ರೋಲಿನ ಪಾಲು ಹೆಚ್ಚು. ಇಂತಹ ಎಂಜಿನ್ನಿನಲ್ಲಿ ಅದು ಸಾಮಾನ್ಯವಾಗಿ 0.80ರಿಂದ 0.85ರ ನಡುವೆ ಇರಬೇಕು. ಆಗ 1ರ ಹತ್ತಿರ ಹೋಗುತ್ತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಮುಂದಿನ ಹಂತಗಳು ನಿಮಗಾಗಿಯೇ. ಲ್ಯಾಂಬ್ಡಾ ಸರಿಯಿದ್ದೂ ಮಿಸ್ಸಿಂಗ್ ಇದ್ದರೆ ಸ್ಪಾರ್ಕ್ ಪ್ಲಗ್‌ನ ಗ್ಯಾಪ್ ಮತ್ತು ಕಾಯಿಲ್ ನೋಡಿ. ಕಪ್ಪು ಹೊಗೆ ಬರುತ್ತಿದ್ದರೆ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪು ಸಡಿಲವಾಗಿ ಗಾಳಿ ಸೋರುತ್ತಿರಬಹುದು. ಇವೆರಡಕ್ಕೂ ಪಂಪು ಔಷಧವಲ್ಲ.

ಎಂಜಿನ್ ಯಾವ ಬಗೆಯದು ಎಂಬುದೂ ಗೊತ್ತಿರಬೇಕು. ಟಾಟಾ ನೆಕ್ಸಾನ್‌ನ 1.2 ಲೀಟರ್ ರೆವೊಟ್ರಾನ್ ಟರ್ಬೊದಲ್ಲಿ ಇಂಜೆಕ್ಟರ್‌ಗಳು ಇನ್‌ಟೇಕ್ ದಾರಿಯಲ್ಲಿ ಪೆಟ್ರೋಲ್ ಸಿಂಪಡಿಸುತ್ತವೆ. ಒತ್ತಡ ಕೆಲವೇ ಬಾರ್ (ಬಾರ್ ಎಂಬುದು ಒತ್ತಡದ ಅಳತೆ). ಫೋಕ್ಸ್‌ವ್ಯಾಗನ್ ಪೋಲೊದ ಟಿಎಸ್‌ಐ ಎಂಜಿನ್ನಿನಲ್ಲಿ ಅವು ನೇರ ಸಿಲಿಂಡರಿನೊಳಗೇ ಸಿಂಪಡಿಸುತ್ತವೆ. ಅಲ್ಲಿನ ಒತ್ತಡ ನೂರು ಬಾರ್ ದಾಟುತ್ತದೆ. ಎರಡನೆಯ ಬಗೆಯಲ್ಲಿ ಟ್ಯಾಂಕಿನಿಂದ ಹೈಪ್ರೆಷರ್ ಪಂಪಿನವರೆಗಿನ ಭಾಗವನ್ನಷ್ಟೇ ನಾವು ಮುಟ್ಟಬಹುದು. ಅದರಾಚೆಯದನ್ನು ಸ್ಕ್ಯಾನರ್‌ನಲ್ಲಿ ಓದಬೇಕೇ ಹೊರತು ಸ್ಪಾನರ್ ಹಾಕಬಾರದು. ಡೀಸೆಲ್ ಕಾಮನ್ ರೈಲ್‌ಗೂ ಇದೇ ಮಾತು. ಆ ಒತ್ತಡದಲ್ಲಿ ಚಿಮ್ಮುವ ಸಣ್ಣ ಎಳೆ ಚರ್ಮವನ್ನು ಸೀಳಿ ಒಳಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಬಿಚ್ಚುವ ಮೊದಲು

ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಟರ್ಬೊ ತಣ್ಣಗಾಗಲು ನಾವು ಅಂದುಕೊಳ್ಳುವುದಕ್ಕಿಂತ ಹೆಚ್ಚು ಹೊತ್ತು ಬೇಕು. ಶೆಟರ್ ಎಳೆದ ಮಳಿಗೆಯೊಳಗೆ ಈ ಕೆಲಸ ಬೇಡ, ಬಯಲಿಗೆ ತನ್ನಿ. ಪಂಪಿನ ಫ್ಯೂಸ್ ಅಥವಾ ರಿಲೇ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಜಾಯಿಂಟಿನ ಸುತ್ತ ಬಟ್ಟೆ ಸುತ್ತಿ ನಿಧಾನವಾಗಿ ಸಡಿಲಿಸಿ. ಒಣಪುಡಿಯ ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಲ್ಲಿ ಇರಬೇಕು, ಕಚೇರಿಯ ಗೋಡೆಯ ಮೇಲಲ್ಲ. ಪಕ್ಕದಲ್ಲಿ ನಿಂತು ನೋಡುವವರ ಬೀಡಿಯ ಬಗ್ಗೆ ದಾಕ್ಷಿಣ್ಯ ಬೇಡ.

ಕಣ್ಣು, ಮೂಗು

ಪೈಪುಗಳನ್ನು ಟ್ಯಾಂಕಿನಿಂದ ಎಂಜಿನ್ನಿನವರೆಗೆ ಬೆರಳಾಡಿಸಿ ನೋಡಿ. ಮಾರ್ಪಾಡು ಮಾಡಿದ ಕಾರುಗಳ ಅರ್ಧ ರೋಗ ಇಲ್ಲೇ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಹಳೆಯ ಕಾರ್ಬ್ಯುರೇಟರ್ ಕಾಲದ ರಬ್ಬರ್ ಪೈಪು ಇಂಜೆಕ್ಷನ್ ಒತ್ತಡಕ್ಕೆ ತಕ್ಕದ್ದಲ್ಲ. ಪೈಪಿನ ಮೈಮೇಲೆ ಎಸ್‌ಎಇ ಜೆ30 ಆರ್9 ದರ್ಜೆಯ ಗುರುತಿದೆಯೇ ನೋಡಿ. ಟ್ಯಾಂಕಿನ ಒಳಗೆ, ಪೆಟ್ರೋಲಿನಲ್ಲಿ ಮುಳುಗಿಯೇ ಇರುವ ತುಂಡಿಗೆ ಆರ್10 ದರ್ಜೆ ಬೇಕು. ಪಂಪು ಬದಲಿಸಿದವರು ಈ ತುಂಡಿಗೆ ಕೈಗೆ ಸಿಕ್ಕ ಪೈಪನ್ನೇ ಕತ್ತರಿಸಿ ಹಾಕಿರುತ್ತಾರೆ. ಹೊರಗೆ ಬಳಸುವ ಪೈಪಿನ ಹೊರಮೈ ಪೆಟ್ರೋಲಿನಲ್ಲಿ ನೆನೆಯಲು ತಯಾರಾದದ್ದಲ್ಲ. ಅದು ಉಬ್ಬಿ, ಮೆತ್ತಗಾಗಿ, ಕೊನೆಗೆ ಸೀಳುತ್ತದೆ. ಆ ಸೀಳಿನಿಂದ ಪೆಟ್ರೋಲ್ ಟ್ಯಾಂಕಿಗೇ ವಾಪಸು ಸುರಿಯುವುದರಿಂದ ಹೊರಗೆ ಒಂದು ಹನಿಯೂ ಕಾಣದು. ಪಂಪು ಸದ್ದು ಮಾಡುತ್ತದೆ, ಒತ್ತಡ ಮಾತ್ರ ಏರುವುದಿಲ್ಲ. ಹೊಸ ಪಂಪು ಹಾಕಿಯೂ ಸರಿಹೋಗದ ಕಾರುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನು.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅದಕ್ಕೆಂದು ತಯಾರಾಗದ ರಬ್ಬರನ್ನು ಅದು ಬೇಗ ಕೆಡಿಸುತ್ತದೆ. ಹಳೆಯ ಟ್ಯಾಂಕಿನ ತಳದಲ್ಲಿ ಕೂತ ಕೊಳೆಯನ್ನು ಎಬ್ಬಿಸಿ ಫಿಲ್ಟರಿಗೆ ತಂದು ತುಂಬುತ್ತದೆ. ಹೊಳೆಯುವ ಸ್ಟೀಲ್ ಹೆಣಿಗೆಯ ಪೈಪು ಕಂಡು ಮೋಸ ಹೋಗಬೇಡಿ. ಹೆಣಿಗೆ ಹೊರಗಿನದು, ಒಳಗಿರುವುದು ಯಾವ ರಬ್ಬರೋ. ಒಳಪದರ ಪಿಟಿಎಫ್‌ಇ (ಟೆಫ್ಲಾನ್) ಆಗಿದ್ದರೆ ನಿಶ್ಚಿಂತೆ. ಪೈಪು ಒಣಗಿಯೇ ಇದ್ದು, ಬೆಳಿಗ್ಗೆ ಕಾರಿನ ಬಳಿ ಪೆಟ್ರೋಲ್ ವಾಸನೆ ಹೊಡೆದರೆ ಹೆಣಿಗೆಯೊಳಗಿನ ರಬ್ಬರಿನ ಮೂಲಕ ಆವಿ ಹೊರಬರುತ್ತಿದೆ ಎಂದು ಅರ್ಥ. ಕ್ಲಾಂಪ್ ಅಂಚು ಮಡಿಚಿದ್ದಾಗಿರಲಿ. ಪಟ್ಟಿಯಲ್ಲಿ ಸೀಳುಗಳಿರುವ ಸಾಮಾನ್ಯ ಕ್ಲಿಪ್ಪು ಬಿಗಿಮಾಡಿದಂತೆಲ್ಲ ರಬ್ಬರನ್ನು ಕೊರೆಯುತ್ತದೆ. ಟರ್ಬೊಗೆ ತೀರಾ ಹತ್ತಿರ ಹಾದುಹೋಗುವ ಪೈಪನ್ನು ದೂರ ಸರಿಸಿ. ಆಗದಿದ್ದರೆ ಶಾಖ ತಡೆಯುವ ತೋಳು ಹಾಕಿ.

ಗೇಜ್ ಹೇಳುವುದು

ಇಂಜೆಕ್ಟರ್‌ಗಳಿರುವ ರೈಲಿಗೆ (ಅವಕ್ಕೆ ಪೆಟ್ರೋಲ್ ಹಂಚುವ ಕೊಳವೆಗೆ) ಗೇಜ್ ಜೋಡಿಸಿ. ಪೆಟ್ರೋಲ್ ಪೈಪನ್ನು ಚಾಲಕನ ಮುಂದೆ, ಕಾರಿನೊಳಗೆ ತರುವುದು ಸಲ್ಲದು. ಓಡುವಾಗ ಓದಬೇಕಾದರೆ ವಿದ್ಯುತ್ ಸೆನ್ಸರ್ ಬಳಸಿ.

ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ನಿಂದ ಸಣ್ಣ ರಬ್ಬರ್ ನಳಿಕೆ ಬಂದು ಸೇರುವ, ಪೆಟ್ರೋಲಿನ ಒತ್ತಡ ಕಾಯುವ ರೆಗ್ಯುಲೇಟರ್ ಇದ್ದರೆ ಲೆಕ್ಕ ಸುಲಭ. ಆ ನಳಿಕೆ ಬಿಚ್ಚಿ ಪಂಪು ಓಡಿಸಿದಾಗ ಬರುವುದು ಮೂಲ ಒತ್ತಡ. ಬಹುತೇಕ ಕಡೆ 3 ಬಾರ್. ನಳಿಕೆ ಸಿಕ್ಕಿಸಿ ಎಂಜಿನ್ ನಿಧಾನಗತಿಯಲ್ಲಿರುವಾಗ ಅದು 2.5ರ ಆಸುಪಾಸಿಗೆ ಇಳಿಯಬೇಕು. ಬೂಸ್ಟ್ ಎಷ್ಟು ಏರುತ್ತದೆಯೋ ಅಷ್ಟೇ ಇದೂ ಏರಬೇಕು: ಅರ್ಧ ಬಾರ್ ಬೂಸ್ಟಿಗೆ 3.5, ಒಂದು ಬಾರ್ ಬೂಸ್ಟಿಗೆ 4. ರಸ್ತೆಗೆ ಹೋಗದೆಯೂ ಇದನ್ನು ಪರೀಕ್ಷಿಸಬಹುದು. ಪಂಪು ಓಡುತ್ತಿರುವಾಗ ಕೈಪಂಪಿನಿಂದ ರೆಗ್ಯುಲೇಟರಿಗೆ ಅರ್ಧ ಬಾರ್ ಗಾಳಿ ಕೊಡಿ, ಮುಳ್ಳು ಅಷ್ಟೇ ಏರಬೇಕು. ನಳಿಕೆಯೊಳಗೆ ಪೆಟ್ರೋಲ್ ವಾಸನೆ ಬಂದರೆ ರೆಗ್ಯುಲೇಟರಿನ ಪೊರೆ ಹರಿದಿದೆ, ಅದನ್ನು ಬದಲಿಸದೆ ಗತಿಯಿಲ್ಲ.

ಟ್ಯಾಂಕಿನೊಳಗೇ ರೆಗ್ಯುಲೇಟರ್ ಇರುವ, ವಾಪಸು ಪೈಪಿಲ್ಲದ ಕಾರುಗಳಲ್ಲಿ ಒತ್ತಡ ಒಂದೇ ಮಟ್ಟದಲ್ಲಿ ನಿಲ್ಲುವುದು ಸಹಜ. ಅಲ್ಲಿ ಇಸಿಯು ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಹೆಚ್ಚಿಸಿ ಸರಿದೂಗಿಸುತ್ತದೆ. ಏರಲಿಲ್ಲವೆಂದು ಗಾಬರಿಯಾಗದೆ, ಕುಸಿಯುತ್ತಿದೆಯೇ ಎಂದಷ್ಟೇ ನೋಡಿ.

ಒತ್ತಡ ಒಂದು ಬಾರ್ ಕಡಿಮೆಯಾದರೆ ಏನು ಮಹಾ ಎನ್ನುವವರಿಗೆ ಒಂದು ಲೆಕ್ಕ. ಒಂದು ಬಾರ್ ಬೂಸ್ಟಿನಲ್ಲಿ ರೈಲ್ ಒತ್ತಡ 4 ಇರಬೇಕಾದಲ್ಲಿ 3 ಇದೆ ಎನ್ನೋಣ. ಇಂಜೆಕ್ಟರಿನ ಎರಡೂ ಬದಿಯ ವ್ಯತ್ಯಾಸ 3ರ ಬದಲು 2 ಆಯಿತು. ಹರಿವು ಒತ್ತಡದ ವರ್ಗಮೂಲದಂತೆ ಬದಲಾಗುವುದರಿಂದ ಸುಮಾರು ಶೇ 18ರಷ್ಟು ಪೆಟ್ರೋಲ್ ಖೋತಾ. 0.82 ಇರಬೇಕಾದ ಲ್ಯಾಂಬ್ಡಾ 1ಕ್ಕೆ ಬಂದು ನಿಲ್ಲುತ್ತದೆ. ಪೂರ್ತಿ ಬೂಸ್ಟಿನಲ್ಲಿ ಇದು ಪಿಸ್ಟನ್ ಕರಗಿಸಬಲ್ಲ ಸ್ಥಿತಿ. ಆದ್ದರಿಂದ ಜರ್ಕ್ ಬಂದ ಕ್ಷಣವೇ ಕಾಲು ತೆಗೆಯಿರಿ. ‘ಇನ್ನೊಮ್ಮೆ ಒತ್ತಿ ನೋಡೋಣ’ ಎಂಬ ಕುತೂಹಲ ದುಬಾರಿ.

ಎಂಜಿನ್ ಮೇಲೆ ಪೂರ್ತಿ ಭಾರ ಬಿದ್ದಾಗಿನ ಪರೀಕ್ಷೆಗೆ ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಅಳೆಯುವ ಯಂತ್ರ) ಸಿಕ್ಕರೆ ಉತ್ತಮ. ಇಲ್ಲವಾದರೆ ಖಾಲಿ ಏರುರಸ್ತೆಯಲ್ಲಿ, ವೇಗಮಿತಿಯೊಳಗೆ, ಅಂಕಿಗಳನ್ನು ದಾಖಲಿಸಲು ಇನ್ನೊಬ್ಬರನ್ನು ಕೂರಿಸಿಕೊಂಡು ಮಾಡಿ. ಅದಿರು ಲಾರಿಗಳ ನಡುವೆ ಬೇಡ. ಒತ್ತಡ ಮೊದಲಿನಿಂದಲೂ ಬೂಸ್ಟಿನೊಡನೆ ಏರದಿದ್ದರೆ ರೆಗ್ಯುಲೇಟರ್ ಅಥವಾ ಅದರ ನಳಿಕೆಯ ದೋಷ. ನಾಲ್ಕು ಸಾವಿರ ಆರ್‌ಪಿಎಂವರೆಗೆ ಏರಿ ಆಮೇಲೆ ಜಾರಿದರೆ ಪೂರೈಕೆ ಸಾಲುತ್ತಿಲ್ಲ. ಈ ಎರಡನ್ನು ಬೇರ್ಪಡಿಸುವುದಕ್ಕೇ ಇಷ್ಟೆಲ್ಲ ಪಾಡು.

ಪೂರೈಕೆ ಎಲ್ಲಿ ತಪ್ಪಿತು

ತುಂಗಭದ್ರಾ ಕಾಲುವೆಯ ಕೊನೆಯ ಭಾಗದ ರೈತ ನೀರು ಬಾರದಿದ್ದಾಗ ಕಾಲುವೆಗುಂಟ ಮೇಲಕ್ಕೆ ನಡೆದು ನೋಡುತ್ತಾನೆ, ನೇರ ಜಲಾಶಯವನ್ನು ಬೈಯುವುದಿಲ್ಲ. ಇಲ್ಲಿಯೂ ಎಂಜಿನ್ನಿನಿಂದ ಟ್ಯಾಂಕಿನ ಕಡೆಗೆ ಹಿಂದೆ ನಡೆಯಬೇಕು. ಫಿಲ್ಟರಿನ ಮೊದಲು ಮತ್ತು ನಂತರದ ಒತ್ತಡ ಅಳೆಯಿರಿ. ಭಾರದಲ್ಲಿ ವ್ಯತ್ಯಾಸ ಎದ್ದು ಕಂಡರೆ ಫಿಲ್ಟರ್ ಕಟ್ಟಿದೆ.

ಮುಂದಿನದು ವೋಲ್ಟೇಜ್, ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದು, ಪಂಪಿನ ಕನೆಕ್ಟರಿನಲ್ಲಿ 12 ಕಂಡರೆ ನಡುವಿನ ಎರಡು ವೋಲ್ಟನ್ನು ತೆಳ್ಳಗಿನ ವೈರು, ಸುಟ್ಟ ರಿಲೇ ಅಥವಾ ತುಕ್ಕು ಹಿಡಿದ ಅರ್ಥ್ ನುಂಗುತ್ತಿದೆ. ದೊಡ್ಡ ಪಂಪು ಹೆಚ್ಚು ಕರೆಂಟ್ ಎಳೆಯುವುದರಿಂದ ಹಳೆಯ ವೈರಿನಲ್ಲಿ ನಷ್ಟ ಇನ್ನೂ ಹೆಚ್ಚುತ್ತದೆ. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು, ಸರಿಯಾದ ಫ್ಯೂಸ್, ಪ್ರತ್ಯೇಕ ರಿಲೇ ಹಾಕಿಸಿದರೆ ಹಲವು ‘ಸತ್ತ’ ಪಂಪುಗಳು ಬದುಕುತ್ತವೆ.

ಬಳ್ಳಾರಿಯ ದೂಳು ಮತ್ತು ಬಿಸಿಲಿನ ಲೆಕ್ಕ ಬೇರೆಯೇ. ಸಂಡೂರು, ತೋರಣಗಲ್ಲು ಕಡೆ ದಿನಾ ಓಡಾಡುವ ಕಾರಿನಲ್ಲಿ ಟ್ಯಾಂಕಿನ ಗಾಳಿದಾರಿ ಕೆಂಪು ದೂಳಿನಿಂದ ಕಟ್ಟಿಕೊಳ್ಳಬಹುದು. ಪೆಟ್ರೋಲ್ ಖಾಲಿಯಾದಂತೆ ಗಾಳಿ ಒಳಬಾರದೆ, ಪಂಪು ನಿರ್ವಾತದ ವಿರುದ್ಧ ಎಳೆಯಬೇಕಾಗುತ್ತದೆ. ದೋಷ ಕಂಡ ಕೂಡಲೇ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆರೆಯಿರಿ. ಗಾಳಿಯನ್ನು ಜೋರಾಗಿ ಒಳಗೆಳೆದುಕೊಂಡು, ಆಮೇಲೆ ಕಾರು ಸ್ವಲ್ಪ ಹೊತ್ತು ಸರಿಯಾಗಿ ಓಡಿದರೆ ಕಾರಣ ಸಿಕ್ಕಿತು. ಬೆಳಿಗ್ಗೆ ಏನೂ ಇಲ್ಲದೆ, ಮೇ ತಿಂಗಳ ನಲವತ್ತು ಡಿಗ್ರಿ ಮಧ್ಯಾಹ್ನ ಮಾತ್ರ ತೊಂದರೆಯಾದರೆ ಪೈಪಿನಲ್ಲಿ ಪೆಟ್ರೋಲ್ ಆವಿಯಾಗುತ್ತಿರಬಹುದು, ಅಥವಾ ಪಂಪು ಬಿಸಿಯೇರುತ್ತಿರಬಹುದು. ಪಂಪನ್ನು ತಣಿಸುವುದು ಟ್ಯಾಂಕಿನ ಪೆಟ್ರೋಲೇ. ಕಾಲು ಟ್ಯಾಂಕಿಗಿಂತ ಕೆಳಗೆ ಇಳಿಯಲು ಬಿಡಬೇಡಿ. ಸಂಡೂರಿನ ಗುಡ್ಡದ ತಿರುವುಗಳಲ್ಲಿ ಮಾತ್ರ ಒತ್ತಡ ಬೀಳುತ್ತಿದ್ದರೂ ಟ್ಯಾಂಕ್ ತುಂಬಿಸಿ ನೋಡಿ. ಪೆಟ್ರೋಲ್ ಒಂದು ಬದಿಗೆ ಹೊರಳಿ ಪಂಪು ಗಾಳಿ ಕುಡಿಯುತ್ತಿರಬಹುದು.

ಇಷ್ಟೂ ಸರಿಯಿದ್ದರೆ ಪಂಪಿನ ಸರದಿ. ನೂರು ಅಶ್ವಶಕ್ತಿಗೆ ಗಂಟೆಗೆ ಸುಮಾರು 37 ಲೀಟರ್ ಎಂದು ಹಿಡಿಯಿರಿ, 200ಕ್ಕೆ 75. ಎಥೆನಾಲ್ ಬೆರಕೆಗೆ ಮತ್ತು ಸುರಕ್ಷತೆಗೆ ಸೇರಿಸಿ 100 ಲೀಟರ್ ಬೇಕು, ಅದೂ ಪೂರ್ತಿ ಬೂಸ್ಟಿನ ಒತ್ತಡದಲ್ಲಿ. ಒತ್ತಡ ಏರಿದಂತೆ ಪಂಪಿನ ಹರಿವು ಇಳಿಯುವುದರಿಂದ ಡಬ್ಬಿಯ ಮೇಲಿನ ದೊಡ್ಡ ಅಂಕಿ ನಂಬದೆ, 4 ಬಾರ್‌ನಲ್ಲಿ ಎಷ್ಟು ಕೊಡುತ್ತದೆ ಎಂದು ಅಂಗಡಿಯವರನ್ನು ಕೇಳಿ. ಅಗತ್ಯಕ್ಕಿಂತ ತೀರಾ ದೊಡ್ಡದೂ ತೊಂದರೆಯೇ. ವಾಪಸು ಪೈಪು ಸಣ್ಣದಿದ್ದರೆ ಹೆಚ್ಚುವರಿ ಪೆಟ್ರೋಲ್ ಹಿಂದಿರುಗಲಾಗದೆ, ನಿಧಾನಗತಿಯಲ್ಲೇ ಒತ್ತಡ 3 ಬಾರ್ ಮೀರಿ ಎಂಜಿನ್ ಹೊಗೆ ಕಾರುತ್ತದೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ನಿರ್ಬಂಧಿಸುತ್ತದೆ ಎಂಬುದನ್ನೂ, ವಿಮೆಯ ಕಂಪನಿಗೆ ತಿಳಿಸದ ಬದಲಾವಣೆ ಪರಿಹಾರದ ವೇಳೆ ತಕರಾರು ತರಬಹುದು ಎಂಬುದನ್ನೂ ಟ್ಯೂನ್ ಮಾಡುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ದುರಸ್ತಿಯ ನಂತರ ಅದೇ ಗೇರು, ಅದೇ ರಸ್ತೆಯಲ್ಲಿ ಮತ್ತೆ ಅಂಕಿ ದಾಖಲಿಸಿ ಹಳೆಯದರೊಡನೆ ಹೋಲಿಸಿ. ಮೂಲ ಒತ್ತಡ ಬದಲಿಸಿದ್ದರೆ ಇಸಿಯುವನ್ನೂ ಹೊಸದಾಗಿ ಟ್ಯೂನ್ ಮಾಡಿಸಬೇಕು. ಎಂಜಿನ್ ಒಮ್ಮೆ ಕಾದು ಆರಿದ ಮೇಲೆ ಪ್ರತಿ ಜಾಯಿಂಟಿಗೂ ಒಣ ಬಿಳಿ ಕಾಗದ ಒತ್ತಿ ನೋಡಿ. ತೇವ ಹತ್ತಿದರೆ ಕಾರನ್ನು ಮತ್ತೆ ಸ್ಟಾರ್ಟ್ ಮಾಡದೆ ಆ ಜಾಯಿಂಟನ್ನು ಬಿಚ್ಚಿ ಹೊಸದಾಗಿ ಕೂರಿಸಿ.