ನೇತ್ರದಾನದ ಕರೆಗೆ ಆಪ್ತಸಮಾಲೋಚಕರನ್ನು ಸಜ್ಜುಗೊಳಿಸುವ ಬಗೆ

ಮಿದುಳು ನಿಷ್ಕ್ರಿಯಗೊಂಡವರ ಅಂಗಾಂಗ ದಾನದ ಮಾತುಕತೆ ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ, ತೀವ್ರ ನಿಗಾ ಘಟಕದ ಆಸುಪಾಸಿನಲ್ಲಿ, ಮುಖಾಮುಖಿಯಾಗಿ ನಡೆಯುತ್ತದೆ. ನೇತ್ರದಾನದ ಮಾತು ಹಾಗಲ್ಲ. ಮನೆಯಲ್ಲಿ ತೀರಿಕೊಂಡವರ ಕಣ್ಣನ್ನೂ ಪಡೆಯಬಹುದಾದ್ದರಿಂದ ಮತ್ತು ಅದನ್ನು ಸಾಮಾನ್ಯವಾಗಿ 6 ಗಂಟೆಗಳೊಳಗೆ ಪಡೆಯಬೇಕಾದ್ದರಿಂದ, ಅದು ಬಹಳಷ್ಟು ಸಲ ಫೋನಿನಲ್ಲೇ ಶುರುವಾಗುತ್ತದೆ. 2021ರ ಅಕ್ಟೋಬರ್ 29ರಂದು ನಿಧನರಾದ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದ ಮೇಲೆ ಕರ್ನಾಟಕದಲ್ಲಿ ಹೆಸರು ನೋಂದಾಯಿಸುವವರು ಹೆಚ್ಚಿದರು. ಆದರೆ ನೋಂದಾಯಿಸಿದವರು ತಾವೇ ನೇತ್ರಬ್ಯಾಂಕಿಗೆ ಕರೆ ಮಾಡಲಾರರು. ಕರೆ ಮಾಡಬೇಕಾದವರು ಮನೆಯವರು, ಅದೂ ಬದುಕಿನ ಅತಿ ಕೆಟ್ಟ ಗಳಿಗೆಯಲ್ಲಿ. ಆ ಕರೆಗೆ ಉತ್ತರಿಸುವವರೇ ಆಪ್ತಸಮಾಲೋಚಕರು.

ತರಬೇತಿಯ ಮೊದಲ ಪಾಠದಲ್ಲೇ ಒಂದು ಮಿತಿಯನ್ನು ಸ್ಪಷ್ಟಪಡಿಸಿ. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ಚೌಕಟ್ಟಿನಲ್ಲಿ ಹತ್ತಿರದ ಸಂಬಂಧಿಕರ ಒಪ್ಪಿಗೆ ಬರಹದಲ್ಲಿರಬೇಕು. ಕಣ್ಣು ಪಡೆಯುವ ತಂಡ ಮನೆಗೆ ಬಂದಾಗ ಅವರು ಸಹಿ ಹಾಕುತ್ತಾರೆ. ಹಾಗಾಗಿ ಫೋನಿನಲ್ಲಿ ‘ಹೂಂ’ ಅನ್ನಿಸಿಕೊಳ್ಳುವುದು ಸಮಾಲೋಚಕರ ಕೆಲಸವಲ್ಲ. ತಂಡ ಬಾಗಿಲಿಗೆ ಬಂದಾಗ ಮನೆಯವರು ಬೆಚ್ಚಿಬೀಳದಷ್ಟು ವಿಷಯವನ್ನು ಅವರಿಗೆ ತಿಳಿಸಿರುವುದೇ ಕೆಲಸ. ಇದನ್ನು ಅರಿಯದವರು ಒಪ್ಪಿಗೆಯ ಬೆನ್ನು ಹತ್ತುತ್ತಾರೆ, ಆ ಅವಸರ ದನಿಯಲ್ಲೇ ಕೇಳಿಸಿಬಿಡುತ್ತದೆ.

ಕರೆ ಮಾಡಿದವರು ಅನೇಕ ಸಲ ಅಳಿಯನೋ, ಪಕ್ಕದ ಮನೆಯವರೋ, ಸೇವಾಸಂಸ್ಥೆಯ ಕಾರ್ಯಕರ್ತರೋ ಆಗಿರುತ್ತಾರೆ. ‘ಬಾಡಿ ಎಲ್ಲಿದೆ?’ ಎಂದು ಆರಂಭಿಸುವ ಸಮಾಲೋಚಕರನ್ನು ಅಲ್ಲೇ ತಡೆಯಿರಿ. ತೀರಿಕೊಂಡವರ ಹೆಸರು ಕೇಳಿ, ಆಮೇಲೆ ಆ ಹೆಸರಿನಿಂದಲೇ, ಇಲ್ಲವೇ ‘ನಿಮ್ಮ ತಾಯಿಯವರು’ ಎಂದೇ ಮಾತನಾಡಲು ಕಲಿಸಿ. ಮುಂದಿನ ಪ್ರಶ್ನೆ: ‘ಅವರಿಗೆ ನೀವು ಏನಾಗಬೇಕು?’ ತೀರ್ಮಾನಿಸಬೇಕಾದವರು ಬೇರೆಯವರಾಗಿದ್ದರೆ, ಅವರು ಮಾತನಾಡುವ ಸ್ಥಿತಿಯಲ್ಲಿದ್ದಾರೆಯೇ ಎಂದು ಕೇಳಿದ ನಂತರವೇ ಫೋನನ್ನು ಅವರ ಕೈಗೆ ಕೊಡಲು ಹೇಳಬೇಕು.

ಆ ಬಳಿಕ ಸಾವಿನ ಸಮಯ, ಕಾರಣ, ವೈದ್ಯರ ಪ್ರಮಾಣಪತ್ರ ಇವುಗಳ ವಿಚಾರಣೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ರೇಬೀಸ್‌ನಂಥ ಸೋಂಕುಗಳಿದ್ದರೆ ಕಣ್ಣು ಪಡೆಯುವಂತಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕನ್ನಡಕ, ಪೊರೆಯ ಶಸ್ತ್ರಚಿಕಿತ್ಸೆ ಯಾವುದೂ ಅಡ್ಡಿಯಲ್ಲ. ಅಪಘಾತದ ಸಾವಾದರೆ ಪೊಲೀಸರ ಪ್ರಕ್ರಿಯೆಯೂ ಇರುವುದರಿಂದ ಆ ಸಂಗತಿಯನ್ನು ತಂಡಕ್ಕೆ ಕೂಡಲೇ ತಿಳಿಸಬೇಕು. ಮನೆಯವರಿಗೆ ಹೇಳಬೇಕಾದದ್ದು ಸ್ವಲ್ಪವೇ: ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಕೊಡಿ, ಫ್ಯಾನ್ ಆರಿಸಿ. ಅಳುತ್ತಿರುವವರು ನಾಲ್ಕನ್ನೂ ಒಟ್ಟಿಗೆ ನೆನಪಿಡಲಾರರು, ಆದ್ದರಿಂದ ಒಂದನ್ನು ಹೇಳಿ, ಅದು ಆಯಿತೆಂದು ಕೇಳಿಸಿಕೊಂಡು ಇನ್ನೊಂದಕ್ಕೆ ಹೋಗುವಂತೆ ಅಭ್ಯಾಸ ಮಾಡಿಸಿ. ಕೈಗೊಂದು ಸಣ್ಣ ಕೆಲಸ ಸಿಕ್ಕಾಗ ಕೆಲವರ ದನಿ ಸ್ಥಿಮಿತಕ್ಕೆ ಬರುವುದೂ ಉಂಟು.

ಅತ್ಯಂತ ಕಷ್ಟದ ಪಾಠ ಮೌನದ್ದು. ಎದುರಿಗೆ ಕುಳಿತಾಗ ಮೌನವನ್ನು ಮುಖಭಾವ ತುಂಬುತ್ತದೆ. ಫೋನಿನಲ್ಲಿ ಹತ್ತು ಸೆಕೆಂಡಿನ ಮೌನವೂ ಲೈನ್ ಕಡಿದಂತೆ ಅನ್ನಿಸುವುದರಿಂದ ಹೊಸಬರು ಮಾತು ತುರುಕುತ್ತಾರೆ. ಇದಕ್ಕೆ ಒಳ್ಳೆಯ ಅಭ್ಯಾಸವೆಂದರೆ ಇಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ಒಬ್ಬರು ಮಗಳಾಗಿ, ಇನ್ನೊಬ್ಬರು ಸಮಾಲೋಚಕರಾಗಿ ಮಾತನಾಡುವಂತೆ ಮಾಡುವುದು. ಮೂರನೆಯವರು ಸಮಾಲೋಚಕರು ಎಷ್ಟು ಸಲ ಅಡ್ಡಬಾಯಿ ಹಾಕಿದರೆಂಬುದನ್ನು ಗುರುತಿಸಿಕೊಳ್ಳಲಿ. ‘ಲೈನಿನಲ್ಲೇ ಇದ್ದೇನೆ, ನಿಧಾನವಾಗಿ ಹೇಳಿ’ ಎಂಬ ಒಂದು ಮಾತು ಸಾಕು ಎಂಬುದು ಅಲ್ಲಿ ತಾನಾಗಿ ಮನವರಿಕೆಯಾಗುತ್ತದೆ. ಸಿದ್ಧ ಸ್ಕ್ರಿಪ್ಟನ್ನು ಬಾಯಿಪಾಠ ಮಾಡಿಸುವುದನ್ನು ನಾನಂತೂ ತರಬೇತಿ ಎನ್ನಲಾರೆ.

ಆಕ್ಷೇಪಗಳು ಬಂದೇ ಬರುತ್ತವೆ. ‘ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟಿದರೆ?’ ಎಂದು ಹಿರಿಯರು ಕೇಳಿದರೆ ಮೂಢನಂಬಿಕೆಯ ಚರ್ಚೆ ಬೇಡ, ಶಾಸ್ತ್ರದ ಉಪನ್ಯಾಸವೂ ಬೇಡ. ಅವರು ಗೌರವಿಸುವ ಪುರೋಹಿತರನ್ನೋ ಗುರುಗಳನ್ನೋ ಕೇಳಿ ನೋಡುವಿರಾ ಎಂದಷ್ಟೇ ವಿಚಾರಿಸಬಹುದು. ಆದರೆ ಮುಖ ವಿಕಾರವಾಗುತ್ತದೆಯೇ, ಹೊತ್ತು ಮುಳುಗುವುದರೊಳಗೆ ಸಂಸ್ಕಾರ ಮುಗಿಯಬೇಕಲ್ಲ ಎಂಬ ಆತಂಕಗಳಿಗೆ ನೇರ ಉತ್ತರಗಳಿವೆ: ಕಣ್ಣು ತೆಗೆಯಲು ಸುಮಾರು 20 ನಿಮಿಷ ಸಾಕು, ರೆಪ್ಪೆಗಳನ್ನು ಮುಚ್ಚಲಾಗುತ್ತದೆ, ಮುಖ ಕೆಡುವುದಿಲ್ಲ, ಪರೀಕ್ಷೆಗೆ ಸ್ವಲ್ಪ ರಕ್ತವನ್ನೂ ತೆಗೆದುಕೊಳ್ಳುತ್ತಾರೆ. ಈ ರಕ್ತದ ಸಂಗತಿಯನ್ನು ಫೋನಿನಲ್ಲೇ ಹೇಳಿಬಿಡಬೇಕು. ಮುಚ್ಚಿಟ್ಟರೆ ಸಿರಿಂಜ್ ಕಂಡ ಕೂಡಲೇ ನಂಬಿಕೆ ಕುಸಿಯುತ್ತದೆ. ಕಣ್ಣು ಯಾರಿಗೆ ಹೋಯಿತೆಂದು ತಿಳಿಸಲಾಗದು, ಹಣದ ಮಾತು ಯಾವ ಕಡೆಯಿಂದಲೂ ಇರುವುದಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಲಿ.

ದುಬೈಯಲ್ಲೋ ಮುಂಬೈಯಲ್ಲೋ ಇರುವ ಅಣ್ಣನನ್ನು ಕೇಳಬೇಕು ಎಂದರೆ ಒತ್ತಾಯಿಸದೆ, ಅವರನ್ನೂ ಕರೆಗೆ ಸೇರಿಸಿಕೊಳ್ಳೋಣವೇ ಎಂದು ಕೇಳಬಹುದು. ಆಗ ವಿಷಯವನ್ನು ಮತ್ತೆ ಮೊದಲಿನಿಂದ ಹೇಳುವ ತಾಳ್ಮೆ ಬೇಕು. ಉಳಿದಿರುವ ಸಮಯವನ್ನು ಒಮ್ಮೆ ತಿಳಿಸಿದರೆ ಸಾಕು. ಪದೇ ಪದೇ ಗಡಿಯಾರ ತೋರಿಸುವುದು ಬೆದರಿಕೆಯಾಗುತ್ತದೆ. ಬೇಡವೆಂದರೆ ಕಾರಣ ಕೆದಕದೆ, ಕರೆ ಮಾಡಿದ್ದಕ್ಕೆ ವಂದಿಸಿ, ಅವರೇ ಫೋನ್ ಇಟ್ಟ ಮೇಲೆ ತಾವು ಇಡಬೇಕು. ನಿರಾಕರಣೆಯನ್ನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ಪಾಳಿ ಬದಲಾದ ಮೇಲೆ ಬಂದವರು ಗೊತ್ತಿಲ್ಲದೆ ಅದೇ ಮನೆಗೆ ಮತ್ತೆ ಕರೆ ಮಾಡುವುದು ತಪ್ಪುತ್ತದೆ.