ಹಿತ್ತಲಿಗೊಂದು ಕಾಡು ಬಾರೆ

ಹಿತ್ತಲಲ್ಲಿ ಕಾಡು ಪೇರ್ ಗಿಡ ಬೆಳೆಸೋಣ ಅಂತ ನನ್ನ ತಮ್ಮನ ಮಗ ಹಟ ಹಿಡಿದಿದ್ದ. ಪೇರ್ ಚಳಿ ಕೇಳುವ ಗಿಡ. ಹಿಮಾಲಯದ ತಪ್ಪಲಲ್ಲಿ ಕಾಡು ಪೇರ್ ತಾನಾಗಿ ಬೆಳೆಯುತ್ತದೆ, ಅದರ ಸಸಿಗೆ ತೋಟದ ಪೇರ್ ಕಸಿ ಕಟ್ಟುತ್ತಾರೆ. ನಮ್ಮ ಕುಷ್ಟಗಿ ಬಿಸಿಲಿಗೆ ಅದು ಆಗುವ ಮಾತಲ್ಲ. ಅದೇ ಕೆಲಸವನ್ನು ಬಾರೆ (ಬೋರೆ, ಎಲಚಿ) ಗಿಡದಲ್ಲಿ ಮಾಡಬಹುದು. ಬದುವಿನ ಮೇಲೆ ಯಾರೂ ನೀರು ಹಾಕದೆ ಬೆಳೆಯುತ್ತದಲ್ಲ, ಆ ಮುಳ್ಳು ಬಾರೆಯಲ್ಲೇ.

ಕೊಪ್ಪಳದ ಗವಿಮಠದ ಜಾತ್ರೆ ಹೊತ್ತಿಗೆ, ಅಂದರೆ ಜನವರಿ ಸುಮಾರಿಗೆ, ಹಣ್ಣು ಸಿಗುತ್ತವೆ. ತಿಂದು, ಬೀಜ ತೊಳೆದು, ನೆರಳಲ್ಲಿ ಒಣಗಿಸಿ ಇಟ್ಟುಕೊಳ್ಳಿ. ಮಳೆ ಶುರುವಾದಾಗ ಉಪ್ಪುನೀರಿಗೆ ಹಾಕಿ ನೋಡಿ. ತೇಲಿದ್ದು ಜೊಳ್ಳು, ಬಿಸಾಡಿ. ಮುಳುಗಿದ್ದನ್ನು ಉಪ್ಪು ಹೋಗುವ ಹಾಗೆ ತೊಳೆಯಿರಿ. ಹಾಗೇ ಬಿತ್ತಿದರೆ ಮೊಳಕೆ ಬರಲು ಮೂರ್ನಾಲ್ಕು ವಾರ ಹಿಡಿಯುತ್ತದೆ. ಚಿಪ್ಪು ಒಡೆದು ಬಿತ್ತಿದರೆ ವಾರದ ಆಸುಪಾಸಿನಲ್ಲಿ ಬರುತ್ತದೆ. ಬೀಜವನ್ನು ಕಲ್ಲಿನ ಮೇಲೆ ಇಟ್ಟು ಮೆಲ್ಲಗೆ ತಟ್ಟಿ. ಜೋರಾಗಿ ಹೊಡೆದರೆ ಒಳಗಿನದೂ ಜಜ್ಜಿ ಹೋಗುತ್ತದೆ. ಚಿಪ್ಪಿನೊಳಗೆ ಸಾಮಾನ್ಯವಾಗಿ ಎರಡು ಚಪ್ಪಟೆ, ಕಂದು ಬಣ್ಣದ ಬೀಜ ಸಿಗುತ್ತವೆ.

ಗಿಡ ಎಲ್ಲಿ ಬೇಕೋ ಅಲ್ಲೇ ಬಿತ್ತಿ. ಬಾರೆಯ ತಾಯಿಬೇರು ನೇರ ಆಳಕ್ಕೆ ಇಳಿಯುತ್ತದೆ, ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಎರಡು ಅಡಿ ಗುಂಡಿ ತೆಗೆದು, ಮೇಲ್ಮಣ್ಣಿಗೆ ಕೊಳೆತ ಸಗಣಿ ಗೊಬ್ಬರ ಬೆರೆಸಿ ತುಂಬಿ. ಮಸಾರಿಯಾದರೂ (ಕೆಂಪು ಮಣ್ಣು) ನಡೆಯುತ್ತದೆ, ಎರೆಯಾದರೂ (ಕಪ್ಪು ಮಣ್ಣು) ನಡೆಯುತ್ತದೆ, ನೀರು ನಿಲ್ಲಬಾರದು ಅಷ್ಟೇ. ಬಟ್ಟೆ ಒಣಹಾಕುವ ತಂತಿಯಿಂದ ಮಾತ್ರ ದೂರ ಇರಲಿ, ಆ ಮುಳ್ಳಿಗೆ ಸೀರೆ ಸಿಕ್ಕಿದರೆ ಮುಗಿಯಿತು. ಮೇಕೆಗೆ ಬಾರೆ ಎಲೆ ಅಂದರೆ ಪ್ರಾಣ, ಅದಕ್ಕೇ ಸುತ್ತ ಬಾರೆ ಕಂಟಿಯದೇ ಬೇಲಿ ಹಾಕಿ. ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಸಾಕು.

ಮುಂದಿನ ಮಳೆಗಾಲಕ್ಕೆ ಕಾಂಡ ಪೆನ್ಸಿಲ್ ದಪ್ಪ ಆಗಿರುತ್ತದೆ. ಆಗ ಕಣ್ಣು ಕಸಿ ಮಾಡಬೇಕು, ಅಂದರೆ ಒಳ್ಳೆ ತಳಿಯ ಚಿಗುರುವ ಮೊಗ್ಗನ್ನು (ಕಣ್ಣು) ತಂದು ಇದರ ತೊಗಟೆಯೊಳಗೆ ಕೂರಿಸಬೇಕು. ಉಮ್ರಾನ್, ಗೋಲಾ, ಕೈತಲಿ ಎಲ್ಲ ಹೆಸರಾದ ತಳಿಗಳೇ. ನನ್ನ ಮಾತು ಕೇಳುವುದಾದರೆ ಇಡೀ ಗಿಡವನ್ನು ಕಸಿಗೆ ಕೊಡಬೇಡಿ. ಬುಡದಲ್ಲೇ ಎರಡು ಕವಲು ಬಿಡಿ. ಒಂದಕ್ಕೆ ಉಮ್ರಾನ್ ಕಟ್ಟಿ, ಇನ್ನೊಂದು ಕಾಡಿನದೇ ಇರಲಿ. ದೊಡ್ಡ ಹಣ್ಣು ನೋಡಲು ಚೆಂದ, ಆದರೆ ಉಪ್ಪು ಖಾರ ಹಚ್ಚಿ ತಿನ್ನಲು ಆ ಹುಳಿ ಬೇಕಲ್ವಾ?

ಒಳ್ಳೆ ಗಿಡದ ಹೊಸ ಕಡ್ಡಿಯಿಂದ ಉಬ್ಬಿದ ಕಣ್ಣನ್ನು ತೊಗಟೆ ಸಮೇತ ಎತ್ತಿ. ಎಲೆ ಕತ್ತರಿಸಿ, ತೊಟ್ಟು ಮಾತ್ರ ಉಳಿಸಿ. ಕವಲಿನ ತೊಗಟೆಯನ್ನು ‘ಟಿ’ ಆಕಾರದಲ್ಲಿ ಗೀರಿ, ಚಾಕುವಿನ ಹಿಂಬದಿಯಿಂದ ಸಡಿಲ ಮಾಡಿ. ಮಳೆಗಾಲದಲ್ಲಿ ಅದು ಸಲೀಸಾಗಿ ಬಿಡುತ್ತದೆ. ಬಿಡದಿದ್ದರೆ ಆ ದಿನ ಕೆಲಸ ನಿಲ್ಲಿಸಿ. ಕಣ್ಣನ್ನು ಒಳಗೆ ಜಾರಿಸಿ, ಕಣ್ಣು ಮುಚ್ಚದ ಹಾಗೆ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ. ಎರಡು ವಾರ ಬಿಟ್ಟು ತೊಟ್ಟು ಮುಟ್ಟಿ ನೋಡಿ. ಮುಟ್ಟಿದರೆ ಉದುರಿತು ಅಂದರೆ ಕಸಿ ಹಿಡಿದಿದೆ. ಒಣಗಿ ಅಂಟಿಕೊಂಡಿದ್ದರೆ ಇಲ್ಲ. ಕಣ್ಣು ಚಿಗುರಿದ ಮೇಲೆ ಆ ಕವಲನ್ನು ಕಸಿಗಿಂತ ಸ್ವಲ್ಪ ಮೇಲೆ ಕತ್ತರಿಸಿ. ಕಸಿಯ ಕೆಳಗೆ ಬರುವ ಚಿಗುರನ್ನು ಕಂಡಾಗೆಲ್ಲ ಚಿವುಟಬೇಕು. ಕಾಡು ಕವಲನ್ನೂ ಜಾಸ್ತಿ ಸವರುತ್ತಿರಿ, ಇಲ್ಲದಿದ್ದರೆ ಉಮ್ರಾನನ್ನು ತುಳಿದು ಮೇಲೇರುತ್ತದೆ.

ಹೂವು ಬರುವುದು ಆ ವರ್ಷದ ಹೊಸ ರೆಂಬೆಯಲ್ಲಿ. ಹಾಗಾಗಿ ಏಪ್ರಿಲ್-ಮೇನಲ್ಲಿ ಎಲೆ ಉದುರಿದಾಗ, ಹಳೆ ರೆಂಬೆಗಳನ್ನು ಒಂದು ಗೇಣಷ್ಟು ಬಿಟ್ಟು ಕತ್ತರಿಸಿ. ಕತ್ತರಿಸಿದ ಮುಳ್ಳುಕಂಟಿ ಬೇಲಿಗೆ ಆಯಿತು. ಚಳಿಗಾಲದಲ್ಲಿ ಕಾಯಿ ಮೇಲೆ ಬಿಳಿ ಬೂದಿ ಕಂಡರೆ ನೀರಲ್ಲಿ ಕರಗುವ ಗಂಧಕ ಸಿಂಪಡಿಸಬೇಕು.

ಹಣ್ಣಿನ ಹುಳದ ಕಾಟಕ್ಕೆ ಔಷಧಿಗಿಂತ ಕಸಬರಿಗೆ ಮೇಲು. ಬಿದ್ದ ಹಣ್ಣನ್ನು ದಿನಾ ಗುಡಿಸಿ ಆಳಕ್ಕೆ ಹೂಳಿ. ಹುಳ ಮಣ್ಣಿಗಿಳಿದು ಗೂಡು ಕಟ್ಟುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಬುಡದ ಮಣ್ಣು ಕೆದಕಿ ಬಿಸಿಲಿಗೆ ಬಿಡಿ. ನಮ್ಮ ಬಿಸಿಲು ಅಷ್ಟಕ್ಕಾದರೂ ಉಪಯೋಗಕ್ಕೆ ಬರಲಿ.