ಕೊಪ್ಪರಿಗೆಯ ಪಾಕ ಮೈಮೇಲೆ ಬಿದ್ದಾಗ

ಮಂಡ್ಯ ಸುತ್ತಿನ, ಕಬ್ಬಿನಿಂದ ಬೆಲ್ಲ ಮಾಡುವ ಆಲೆಮನೆಗಳಲ್ಲಿ ಮೈ ಸುಡುವುದು ಬೆಂಕಿಯೊಂದೇ ಅಲ್ಲ. ಕೊಪ್ಪರಿಗೆಯ ಪಾಕ, ಅದರ ಹಬೆ, ಕಬ್ಬಿನ ಹಾಲು ತಿಳಿಯಾಗಲೆಂದು ಹಾಕುವ ಸುಣ್ಣ, ಗಾಣದ ಮೋಟರಿನ ಕರೆಂಟು ಎಲ್ಲವೂ ಒಂದೇ ಸೂರಿನಡಿ ಇರುತ್ತವೆ. ಹಾಗಾಗಿ ಗಾಯ ನೋಡುವ ಮೊದಲೇ ನಾನು ಕೇಳುವುದು 'ಯಾವುದರಿಂದ ಸುಟ್ಟಿತು, ಎಷ್ಟೊತ್ತಾಯ್ತು' ಎಂದು.

ಇವುಗಳಲ್ಲಿ ಪಾಕ ಬಲು ಕೆಟ್ಟದ್ದು. ಬೆಲ್ಲದ ಹದಕ್ಕೆ ಬಂದ ಪಾಕ ಕುದಿಯುವ ನೀರಿಗಿಂತ ಹದಿನೈದು-ಇಪ್ಪತ್ತು ಡಿಗ್ರಿ ಹೆಚ್ಚು ಬಿಸಿ ಇರುತ್ತದೆ. ಬಿಸಿನೀರು ಮೈಮೇಲಿಂದ ಹರಿದು ಹೋಗುತ್ತದೆ, ಪಾಕ ಅಂಟಿ ಕೂರುತ್ತದೆ. ಕೂತಷ್ಟು ಹೊತ್ತೂ ಸುಡುತ್ತಲೇ ಇರುತ್ತದೆ. ಎಲ್ಲರ ಕೈ ಮೊದಲು ಹೋಗುವುದು ಅದನ್ನು ಕೀಳಲು. ಕಿತ್ತರೆ ಚರ್ಮವೂ ಜೊತೆಗೇ ಬರುತ್ತದೆ. ನೀರು ಸುರಿಯಿರಿ. ಮೊದಲ ಎರಡು ಮಗ್ಗಿಗೆ ಪಾಕ ಮಿಠಾಯಿಯಂತೆ ಗಟ್ಟಿಯಾಗುತ್ತದೆ, ಆಗಲೂ ಕೀಳಬೇಡಿ. ಸುರಿಯುತ್ತಾ ಹೋದರೆ ಅಂಚಿನಿಂದ ಕಂದು ನೀರಾಗಿ ತಾನೇ ಕರಗಿ ಇಳಿಯುತ್ತದೆ. ಪಾಕ ಕುಡಿದ ಬನಿಯನ್, ಲುಂಗಿಯನ್ನು ತಕ್ಷಣ ಬಿಚ್ಚಿ. ಚರ್ಮಕ್ಕೆ ಅಂಟಿದ ಭಾಗವನ್ನು ಮಾತ್ರ ಸುತ್ತ ಕತ್ತರಿಸಿ ಬಿಡಿ. ಉಂಗುರ, ಬಳೆ, ಉಡಿದಾರವನ್ನೂ ಆಗಲೇ ತೆಗೆಯಬೇಕು. ಅರ್ಧ ಗಂಟೆಯಲ್ಲಿ ಊತ ಬಂದರೆ ಉಂಗುರವನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ನೀರು ಹರಿಯಬೇಕು, 20 ನಿಮಿಷ, ಗಡಿಯಾರ ನೋಡಿಕೊಂಡು. ಬೋರ್‌ವೆಲ್ ಪೈಪು ಇದ್ದರೆ ಸಲೀಸು, ಇಲ್ಲದಿದ್ದರೆ ಡ್ರಮ್ಮಿನ ಶುದ್ಧ ನೀರು ಮತ್ತು ಮಗ್ಗು. ಸುಟ್ಟ ಚರ್ಮದ ಕೆಳಗೆ ಬಿಸಿ ಉಳಿದು ಒಳಗೊಳಗೇ ಬೇಯುತ್ತಿರುತ್ತದೆ, ಎರಡು ನಿಮಿಷಕ್ಕೆ ಅದು ಆರುವುದಿಲ್ಲ. ಸುಟ್ಟು ಮೂರು ಗಂಟೆಯೊಳಗಾದರೆ ತಡವಾಗಿ ಹಾಕಿದ ನೀರೂ ಕೆಲಸ ಮಾಡುತ್ತದೆ. ಐಸ್ ಬೇಡ: ರಕ್ತನಾಳ ಮುದುಡಿ ಗಾಯ ಇನ್ನೂ ಆಳಕ್ಕೆ ಹೋಗುತ್ತದೆ. ಮಗುವಾದರೆ ಸುಟ್ಟ ಜಾಗಕ್ಕೆ ಮಾತ್ರ ನೀರು ಬಿಟ್ಟು ಉಳಿದ ಮೈಯನ್ನು ಕಂಬಳಿಯಲ್ಲಿ ಸುತ್ತಿ, ನಡುಗಲು ಬಿಡಬೇಡಿ.

ಸುಣ್ಣಕ್ಕೆ ಲೆಕ್ಕ ಬೇರೆ. ಒಣ ಪುಡಿ ಮೈಮೇಲಿದ್ದಾಗ ಒಂದೆರಡು ಮಗ್ಗು ನೀರು ಹಾಕಿದರೆ ಅದು ಇನ್ನಷ್ಟು ಕಾಯುತ್ತದೆ. ಮೊದಲು ಒಣ ಬಟ್ಟೆಯಿಂದ ಪೂರ್ತಿ ಕೊಡವಿ, ಆಮೇಲೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಧಾರಾಳವಾಗಿ ನೀರು ಬಿಡಿ. ಕಣ್ಣಿಗೆ ಬಿದ್ದರೆ ಆ ಕಣ್ಣು ಕೆಳಗಾಗುವಂತೆ ತಲೆ ವಾಲಿಸಿ, ರೆಪ್ಪೆ ಬಿಡಿಸಿ ತೊಳೆಯಿರಿ. ಇಲ್ಲವಾದರೆ ನೀರು ಇನ್ನೊಂದು ಕಣ್ಣಿಗೂ ಇಳಿಯುತ್ತದೆ.

ಆಳ ಗುರುತಿಸುವಾಗ ನೋವನ್ನು ನಂಬಿದರೆ ಮೋಸಹೋಗುತ್ತೀರಿ. ಮೇಲ್ಪದರವಷ್ಟೇ ಸುಟ್ಟಿದ್ದರೆ ಕೆಂಪಾಗಿ ಉರಿಯುತ್ತದೆ, ಬೊಬ್ಬೆ ಇರುವುದಿಲ್ಲ. ನಮ್ಮ ಕಂದು ಮೈಬಣ್ಣದಲ್ಲಿ ಕೆಂಪು ಕಾಣದೆಯೂ ಇರಬಹುದು, ಬಿಸಿ ಮತ್ತು ಊತ ಮುಟ್ಟಿ ನೋಡಿ. ಬೊಬ್ಬೆ ಎದ್ದು, ಒದ್ದೆಯಾಗಿ, ಗಾಳಿ ತಾಕಿದರೂ ಕಿರುಚುವಂತಿದ್ದರೆ ಎರಡನೆಯ ಹಂತ. ಇನ್ನು ಬಿಳಿಚಿಕೊಂಡು ಅಥವಾ ಕರಕಲಾಗಿ, ಒಣ ತೊಗಲಿನಂತೆ ಬಿಗಿದಿದ್ದು, 'ಉರೀನೇ ಇಲ್ಲ ಕಣಕ್ಕ, ಮನೆಗೆ ಹೋಯ್ತೀನಿ' ಅಂದರೆ ನಾನು ಬಿಡುವುದಿಲ್ಲ. ನೋವಿನ ನರವೇ ಸುಟ್ಟಿರುತ್ತದೆ. ಒಂದೇ ಗಾಯದಲ್ಲಿ ನಡುವೆ ನೋವಿಲ್ಲದೆ ಅಂಚು ಮಾತ್ರ ಉರಿಯುವುದೂ ಉಂಟು.

ಅಗಲ ಅಳೆಯಲು ಗಾಯಾಳುವಿನ ಅಂಗೈಯೇ ಅಳತೆ. ಬೆರಳೂ ಸೇರಿ ಒಂದು ಅಂಗೈ ಅಂದರೆ ಮೈಯ ಸುಮಾರು 1 ಶೇಕಡಾ. ಬರೀ ಕೆಂಪಾದ ಜಾಗ ಲೆಕ್ಕಕ್ಕಿಲ್ಲ. ದೊಡ್ಡವರಿಗೆ ಹತ್ತು ಅಂಗೈ, ಮಕ್ಕಳಿಗೆ ಐದು ದಾಟಿದರೆ 108 ಆಂಬುಲೆನ್ಸ್ ಕರೆಸಿ. ಮುಖ, ಕೈ, ಪಾದ, ಕೀಲು, ಗುಪ್ತಾಂಗವಾದರೆ, ಅಥವಾ ಕೈಕಾಲಿನ ಸುತ್ತ ಬಳೆಯಂತೆ ಸುಟ್ಟಿದ್ದರೆ ಎಷ್ಟೇ ಚಿಕ್ಕದಿರಲಿ ಆಸ್ಪತ್ರೆಗೇ. ಒಲೆಬಾಯಿಯ ಉರಿ ಮುಖಕ್ಕೆ ಹೊಡೆದು ಮೂಗಿನ ಕೂದಲು ಸೀದಿದ್ದರೆ, ದನಿ ಒಡೆದಿದ್ದರೆ ಕೂರಿಸಿಕೊಂಡೇ ಕರೆದೊಯ್ಯಿರಿ. ಉಸಿರಿನ ದಾರಿ ಊದಿಕೊಂಡು ಮುಚ್ಚಿಹೋಗಬಹುದು.

ಕರೆಂಟಾದರೆ ಮೇನ್ ಆಫ್ ಆಗುವ ತನಕ ಮುಟ್ಟಬಾರದು. ಬೆರಳಲ್ಲಿ ಕಡಲೆಕಾಳಿನಷ್ಟು ಕಪ್ಪು ಚುಕ್ಕೆ ಕಂಡರೂ ಒಳಗೆ ಮಾಂಸ ಬೆಂದಿರಬಹುದು, ಹೃದಯದ ಬಡಿತ ತಪ್ಪಬಹುದು. ಇಸಿಜಿ ಆಗಲೇಬೇಕು.

ಟೂತ್‌ಪೇಸ್ಟ್, ಇಂಕು, ದೋಸೆ ಹಿಟ್ಟು, ಅರಿಶಿನ ಯಾವುದೂ ಬೇಡ. ಬಿಸಿಯನ್ನು ಒಳಗೇ ಹಿಡಿದಿಡುವುದಲ್ಲದೆ ಗಾಯದ ನಿಜಬಣ್ಣವನ್ನೂ ಮುಚ್ಚುತ್ತವೆ; ಆಸ್ಪತ್ರೆಯಲ್ಲಿ ಅದನ್ನೆಲ್ಲ ಉಜ್ಜಿ ತೆಗೆಯುವಾಗ ಗಾಯಾಳು ಪಡುವ ಪಾಡು ಬೇರೆ. ಬೊಬ್ಬೆ ಒಡೆಯಬೇಡಿ. ಒಗೆದಿಟ್ಟ ಹಳೇ ಪಂಚೆಯ ತುಂಡನ್ನು ಸಡಿಲವಾಗಿ ಹೊದಿಸಿದರೆ ಸಾಕು. ಹತ್ತಿ ಇಟ್ಟರೆ ಎಳೆ ಎಳೆಯಾಗಿ ಗಾಯಕ್ಕೆ ಮೆತ್ತಿಕೊಳ್ಳುತ್ತದೆ.

ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕಳಿಸುವಾಗ ಒಂದು ಚೀಟಿ ಕೊಟ್ಟು ಕಳಿಸುತ್ತೇನೆ: ಸುಟ್ಟ ಸಮಯ, ಯಾವುದರಿಂದ, ಎಷ್ಟು ನಿಮಿಷ ನೀರು ಬಿಟ್ಟೆವು, ಎಷ್ಟು ಅಂಗೈ, ಧನುರ್ವಾಯು ತಡೆಯುವ ಟಿಟಿ ಇಂಜೆಕ್ಷನ್ ಕಡೆಯದಾಗಿ ಯಾವಾಗ.